ಭೂಗೋಳದ ಮೇಷ್ಟ್ರ ಸ್ವಂತ ದಾರಿ

ಭೂಗೋಳದ ಮೇಷ್ಟ್ರು ಅಂದು ಬೆಳಿಗ್ಗೆ ಸ್ವಾತಂತ್ರ್ಯ ಘೋಷಿಸಿಕೊಂಡರು. ಕಾರಣ ಸಣ್ಣದು. ಹೆಂಡತಿ ತಿಂಡಿಯ ತಟ್ಟೆ ಹಿಡಿದು "ಹಸಿವಾಗಿದೆಯೇನ್ರೀ?" ಅಂದಾಗ ಅವರು ಫೋನ್ ನೋಡಿ, "ಇನ್ನೂ ಹನ್ನೆರಡು ನಿಮಿಷ ಇದೆ" ಅಂದಿದ್ದರು.

"ಹೊಟ್ಟೆ ನಿಮ್ಮದೋ, ಅದರದೋ?"

ಮಾತು ನಾಟಿತು. ಯಾವಾಗ ನೀರು ಕುಡಿಯಬೇಕು, ಎಷ್ಟು ಹೆಜ್ಜೆ ನಡೆಯಬೇಕು, ರಾತ್ರಿ ನಿದ್ದೆ ಬಂತೋ ಇಲ್ಲವೋ, ಎಲ್ಲವನ್ನೂ ಅಂಗೈಯಗಲದ ಗಾಜಿನ ತುಂಡು ತೀರ್ಮಾನಿಸುತ್ತಿತ್ತು. ಮೇಷ್ಟ್ರು ಎದ್ದು ನಿಂತು, ಫೋನನ್ನು ಬೀರುವಿಗೆ ಹಾಕಿ, ಬೀಗದ ಕೈಯನ್ನು ಹೆಂಡತಿಯ ಕೈಗಿತ್ತರು. "ಇವತ್ತು ಪೂರ್ತಿ ನನ್ನ ಬುದ್ಧಿ, ನನ್ನ ಇಷ್ಟ."

"ಸಂತೋಷ. ಹನ್ನೊಂದಕ್ಕೆ ಅಮ್ಮನ ಕಣ್ಣಿನ ಪಟ್ಟಿ ಬಿಚ್ಚಿಸಬೇಕು. ಹೋದ ಸಲ ನಾನು ಕರ್ಕೊಂಡು ಹೋಗಿದ್ದೆ, ಇವತ್ತು ನಿಮ್ಮ ಸರದಿ. ಡಾಕ್ಟರು ಹನ್ನೆರಡಕ್ಕೆ ಹೊರಟುಬಿಡ್ತಾರೆ. ತಪ್ಪಿದ್ರೆ ಇನ್ನೊಂದು ವಾರ. ದಾರಿ ಗೊತ್ತಾ?"

"ಇಪ್ಪತ್ತಾರು ವರ್ಷ ಮಕ್ಕಳಿಗೆ ಭೂಪಟ ಕಲಿಸಿದವನನ್ನು ಕೇಳೋ ಪ್ರಶ್ನೆಯಾ ಇದು?"

ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ಮೇಲ್ಸೇತುವೆ ಇಳಿಯುವವರೆಗೆ ಎಲ್ಲ ಸರಿಯಿತ್ತು. ಇಳಿದ ಮೇಲೆ ರಸ್ತೆ ಮೂರಾಗಿತ್ತು. ಮೇಷ್ಟ್ರು ಸೂರ್ಯನನ್ನು ನೋಡಿ ದಿಕ್ಕು ಗುರುತಿಸಿ, ಗಂಭೀರವಾಗಿ ಪೂರ್ವಕ್ಕೆ ತಿರುಗಿದರು. ಕಾಲು ಗಂಟೆಯ ನಂತರ ಒಂದು ಟಯರ್ ಅಂಗಡಿ ಬಂತು. ಇನ್ನೊಂದು ಕಾಲು ಗಂಟೆಗೆ ಅದೇ ಅಂಗಡಿ ಮತ್ತೆ ಬಂತು. ಮೂರನೇ ಸಲ ಬಂದಾಗ ಅಂಗಡಿಯವನು ನಮಸ್ಕಾರ ಮಾಡಿದ.

ಅತ್ತೆ ಪಟ್ಟಿಯ ಅಂಚು ಕೆರೆದುಕೊಳ್ಳುತ್ತಾ ಕೂತಿದ್ದರು. ಕಾರಿನ ಗಡಿಯಾರದಲ್ಲಿ ಹನ್ನೊಂದೂವರೆ. ಮೇಷ್ಟ್ರು ಇಳಿದು ಅಂಗಡಿಯವನನ್ನೇ ಆಸ್ಪತ್ರೆಯ ದಾರಿ ಕೇಳಿದರು.

"ನಿಮ್ಮ ನಂಬರ್ ಹೇಳಿ ಸಾರ್, ಲೊಕೇಶನ್ ಕಳಿಸ್ತೀನಿ."

"ಫೋನ್ ತಂದಿಲ್ಲ."

ತಲೆ ತಂದಿಲ್ಲ ಅಂದವನನ್ನು ನೋಡುವಂತೆ ಅವನು ನೋಡಿದ. ಪಾಪ ಅನ್ನಿಸಿ ತನ್ನ ಫೋನ್ ಕೊಟ್ಟು, "ಮನೆಯವರಿಗೆ ಮಾಡಿ" ಅಂದ.

ಮೇಷ್ಟ್ರು ಮೊದಲ ಎರಡು ಅಂಕಿ ಒತ್ತಿ ನಿಂತರು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿ ಅವರ ಫೋನಿನಲ್ಲಿ 'ಮನೆ' ಅನ್ನುವ ಹೆಸರಾಗಿ ಇದ್ದಳೇ ಹೊರತು ಅಂಕಿಯಾಗಿ ಎಂದೂ ತಲೆಯೊಳಗೆ ಬಂದಿರಲಿಲ್ಲ. ದೇಶದೇಶಗಳ ರಾಜಧಾನಿಗಳು ನೆನಪಾದವು, ಅವಳ ನಂಬರ್ ನೆನಪಾಗಲಿಲ್ಲ.

ಕಾರಿನ ಕಿಟಕಿಯಿಂದ ಅತ್ತೆ ಹತ್ತೂ ಅಂಕಿಗಳನ್ನು ಒಂದೇ ಉಸಿರಿಗೆ ಹೇಳಿದರು. "ಆದ್ರೆ ಅವಳನ್ಯಾಕೆ ಗಾಬರಿ ಮಾಡ್ತೀರಿ? ಅಲ್ಲಿ ನೀರಿನ ಟ್ಯಾಂಕ್ ಕಾಣ್ತಿದೆಯಲ್ಲ, ಹೋದ ಸಲ ಬಂದಿದ್ದು ಅದರ ಹಿಂದಿನ ಬೀದಿಗೇ. ನೀವು ಕೇಳಲೇ ಇಲ್ಲ."

"ಒಂದೇ ಕಣ್ಣಲ್ಲಿ ನಿಮಗೆ ಕಾಣಿಸ್ತಾ? ಅದು ಉತ್ತರವೋ, ದಕ್ಷಿಣವೋ?"

"ಅದೆಲ್ಲ ನಂಗೊತ್ತಿಲ್ಲ. ಬಲಕ್ಕೆ ತಿರುಗಿ."

ತಿರುಗಿದರು. "ಈಗ ಎಡಕ್ಕೆ." ಎಡಕ್ಕೂ ತಿರುಗಿದರು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ, ಬ್ಯಾಗ್ ಎತ್ತಿಕೊಳ್ಳುತ್ತಿದ್ದ ಡಾಕ್ಟರು ಬೈಯುತ್ತಲೇ ಪಟ್ಟಿ ಬಿಚ್ಚಿದರು. ಅತ್ತೆ ರೆಪ್ಪೆ ಬಡಿದು ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಚೆನ್ನಾಗಿ ಕಾಣ್ತಿದೆ. ನೀವು ಇಷ್ಟು ದಪ್ಪ ಆಗಿದೀರಿ ಅಂತ ಗೊತ್ತಿರಲಿಲ್ಲ" ಅಂದರು. ಮೇಷ್ಟ್ರ ಎದೆ ಹಗುರಾಯಿತು.

ವಾಪಸು ಬರುವಾಗ ಅತ್ತೆ ಎರಡೂ ಕಣ್ಣಿಂದ ದಾರಿ ಹೇಳಿದರು. ನಿಲ್ಲಿಸಿ ಅಂದಲ್ಲಿ ಮೇಷ್ಟ್ರು ನಿಲ್ಲಿಸಿದರು. ಟೊಮೆಟೊ ತನ್ನಿ ಅಂದಾಗ ತಂದರು. ಇದು ಮೆತ್ತಗಿದೆ, ಬದಲಾಯಿಸಿ ಅಂದಾಗ ಬದಲಾಯಿಸಿದರು. ಏನೂ ಯೋಚಿಸಬೇಕಾಗಿರಲಿಲ್ಲ. ಮನಸ್ಸು ಎಷ್ಟು ನೆಮ್ಮದಿಯಾಗಿತ್ತೆಂದರೆ ಮೇಷ್ಟ್ರು ಸಣ್ಣಗೆ ಹಾಡು ಗುನುಗಿದರು.

ಬಾಗಿಲು ತೆಗೆದ ಹೆಂಡತಿ ತಾಯಿಯ ಕಣ್ಣು ನೋಡಿ ಹಿಗ್ಗಿದಳು. ಆಮೇಲೆ ಮೆಲ್ಲಗೆ, "ಇವರು ಹೇಗಮ್ಮಾ, ದಾರಿಯಲ್ಲಿ ತೊಂದರೆ ಕೊಡಲಿಲ್ಲ ತಾನೆ?" ಅಂದಳು.

"ಏನೂ ಇಲ್ಲಮ್ಮ, ಬಂಗಾರದಂಥವರು" ಅಂದರು ಅತ್ತೆ. "ಒಂದೊಂದೇ ಹೇಳ್ತಾ ಹೋದ್ರೆ ಹಾಗೇ ಕೆಲಸ ಮಾಡ್ತಾರೆ. ಚಾರ್ಜೂ ಹಾಕಬೇಕಾಗಿಲ್ಲ."