ಮುಚ್ಚಳದಡಿ ಉಳಿದ ಹಾಳೆ

ಜೆರಾಕ್ಸ್ ಅಂಗಡಿಯವನು ದಿನಕ್ಕೆ ಐವತ್ತು ಸಲ ಗಿರಾಕಿಗಳಿಗೆ ಕೇಳುವ ಮಾತು ಒಂದೇ: "ಒರಿಜಿನಲ್ ತಗೊಂಡ್ರಾ?" ಜನ ಕಾಪಿಗಳನ್ನು ಎಣಿಸಿಕೊಂಡು ಹೋಗುತ್ತಾರೆ, ಮೂಲವನ್ನು ಯಂತ್ರದಲ್ಲೇ ಮರೆಯುತ್ತಾರೆ. ಆ ದಿನ ಹತ್ತು ಗಂಟೆಗೆ ಅವನು ಮುಚ್ಚಳ ಎತ್ತಿದರೆ ಗಾಜಿನ ಮೇಲೆ ಒಂದು ಹಾಳೆ ಬೋರಲಾಗಿ ಮಲಗಿತ್ತು. ಅಕ್ಷರ ಅವನ ಹೆಂಡತಿಯದೇ. ದಿನಾ ಬೆಳಿಗ್ಗೆ ಎರಡು ತಾಸು ಅಂಗಡಿ ನೋಡಿಕೊಳ್ಳುವವಳು ಅವಳು.

ಮೇಲೆ ‘ವಿಚ್ಛೇದನ: ವಕೀಲರ ಹತ್ತಿರ ಒಯ್ಯಬೇಕಾದ್ದು’ ಎಂದಿತ್ತು. ಕೆಳಗೆ ಮದುವೆ ಸರ್ಟಿಫಿಕೇಟು, ಒಡವೆಯ ರಸೀದಿ, ಮನೆ ಪತ್ರ. ಆಮೇಲೆ, ‘ಜಂಟಿ ಖಾತೆ ಬೇಗ ಮುಚ್ಚಿಸಬೇಕು.’ ಕೊನೆಯಲ್ಲಿ, ‘ಅವರಿಗೆ ಸುಳಿವು ಸಿಗಬಾರದು.’

ಅವನಿಗೆ ಅಳು ಬಂತು. ಹದಿನಾರು ವರ್ಷದ ಸಂಸಾರ. ಈಗ ತಾನೇ ಬೀಗದ ಕೈ ಕೊಟ್ಟು ನಕ್ಕು ಹೋಗಿದ್ದಳು. ಆ ನಗು ಯಾಕೆ ಅಂತ ಈಗ ಗೊತ್ತಾಯಿತು ಅಂದುಕೊಂಡ.

ಹೊಟ್ಟೆಯೊಳಗೆ ಮಾತು ನಿಲ್ಲದ ಗಂಡಸು ಅವನು. ಹತ್ತೇ ನಿಮಿಷದಲ್ಲಿ ಪಕ್ಕದ ಅಂಗಡಿಯ ಟೈಲರ್ ಕೈಗೆ ಹಾಳೆ ಹೋಯಿತು. ಟೈಲರ್ ಕನ್ನಡಕ ಏರಿಸಿ, ಕೊಲೆ ಕೇಸಿನ ಕಾಗದ ಓದಿದ ಹಾಗೆ ಓದಿದ.

"ಜಂಟಿ ಖಾತೆ ಇದೆಯೇನಣ್ಣ ನಿಮಗೆ?"

"ಇಲ್ಲವಲ್ಲ! ಇರೋದೆಲ್ಲ ನನ್ನ ಹೆಸರಲ್ಲೇ."

"ಹಂಗಾದ್ರೆ ಅವರು ಯಾರ ಜೊತೆ ಜಂಟಿ?"

ಈ ಪ್ರಶ್ನೆ ಅವನ ಎದೆಯಲ್ಲಿ ಸೂಜಿಯಂತೆ ಮುರಿದು ಕೂತಿತು. ಅಲ್ಲಿಂದ ಮುಂದೆ ಬೀದಿಯಲ್ಲಿ ಹೋದ ಗಂಡಸರೆಲ್ಲ ಅವನ ಕಣ್ಣಿಗೆ ಖಾತೆದಾರರೇ. ಹಾಲಿನವನು ನಕ್ಕರೆ ಅನುಮಾನ, ನಗದಿದ್ದರೆ ಇನ್ನೂ ಅನುಮಾನ.

ಕೋರ್ಟಿನ ಮುಂದೆ ಕೂತು ಕೂತು ಅರ್ಧ ವಕೀಲನಾಗಿದ್ದ ಟೈಪಿಸ್ಟ್ ಎದುರಂಗಡಿಯಿಂದ ಬಂದು ಸೇರಿಕೊಂಡ. ನೋಟಿಸ್ ಕೈಗೆ ಬೀಳುವ ಮೊದಲು ದುಡ್ಡನ್ನು ರಕ್ತಸಂಬಂಧಿಯ ಖಾತೆಗೆ ದಾಟಿಸಿಬಿಡಬೇಕು, ಯಾರಿಗೂ, ಆ ಸಂಬಂಧಿಗೂ ಈಗಲೇ ಹೇಳಬಾರದು ಅಂತ ತೀರ್ಪು ಕೊಟ್ಟ.

ಇದ್ದದ್ದು ಮಗಳ ಕಾಲೇಜಿಗೆಂದು ಗಂಡ ಹೆಂಡತಿ ಇಬ್ಬರೂ ಒಂದೊಂದು ಕಾಪಿಯಿಂದ ಕೂಡಿಟ್ಟ ಹಣ. ಆದರೂ ಮಧ್ಯಾಹ್ನದೊಳಗೆ ಅಷ್ಟನ್ನೂ ಅಕ್ಕನ ಖಾತೆಗೆ ಹಾಕಿ ಬಂದ. ಎರಡು ಬೀದಿ ಆಚೆಗಿರುವ ಅಕ್ಕ ಮೊದಲೊಮ್ಮೆ ಸಾಲ ಇಸಿದುಕೊಂಡಾಗ ಕೊಟ್ಟಿದ್ದ ಖಾತೆ ನಂಬರು ಅವನ ಬಳಿ ಇತ್ತು.

ನಾಲ್ಕು ಗಂಟೆಗೆ ಅಕ್ಕನ ಗಂಡ ಆಟೋದಲ್ಲಿ ಹೋಗುತ್ತ ಕೈ ಬೀಸಿದ. ತೊಡೆಯ ಮೇಲೆ ಹೊಸ ಸೂಟ್‌ಕೇಸ್. ವರ್ಷವಿಡೀ ಮುಖ ಗಂಟು ಹಾಕಿಕೊಂಡೇ ಇರುವ ಭಾವ, ಇವತ್ತು ಹಲ್ಲೆಲ್ಲ ಕಾಣುವಂತೆ ನಕ್ಕಿದ್ದ. ಲೋಕದಲ್ಲಿ ತನ್ನವರು ಅಂತ ಒಬ್ಬರಾದರೂ ಇದ್ದಾರಲ್ಲ ಎಂದು ಇವನಿಗೆ ಸಮಾಧಾನವಾಯಿತು.

ಸಂಜೆ ಹೆಂಡತಿ ಓಡೋಡಿ ಬಂದಳು. ಮುಚ್ಚಳ ಎತ್ತಿ ನೋಡಿದಳು.

"ರೀ, ಇಲ್ಲೊಂದು ಹಾಳೆ ಇತ್ತಲ್ಲ?"

ಅವನು ಜೇಬಿನಿಂದ ತೆಗೆದು ಅವಳ ಮುಂದೆ ಹಿಡಿದ. "ಯಾರು ಆ ಜಂಟಿ?"

"ನಿಮ್ಮ ಭಾವ, ಇನ್ಯಾರು? ಡೈವೋರ್ಸ್ ಬೇಕಾಗಿರೋದು ನಿಮ್ಮಕ್ಕನಿಗೆ. ಅವರು ಹೇಳ್ತಾ ಹೋದ್ರು, ನಾನು ಬರ್ಕೊಂಡೆ, ಕಾಪಿ ತೆಗೆಯೋಕೆ ಇಟ್ಟು ಮರ್ತೆ. ನಿಮಗೆ ಹೇಳಿದ್ರೆ ಟೈಲರ್‌ಗೆ ಹೇಳ್ತೀರಿ, ಅಲ್ಲಿಂದ ಭಾವನ ಕಿವಿಗೆ ಬೀಳುತ್ತೆ ಅಂತ ಬಾಯಿ ಬಿಡಲಿಲ್ಲ. ಅಕ್ಕನ ಹೆಸರಲ್ಲಿರೋದು ಅದೊಂದೇ ಖಾತೆ, ಗಂಡನ ಜೊತೆ. ನಾಳೆ ಮುಚ್ಚಿಸಬೇಕಿತ್ತು. ಇವತ್ತು ನೋಡಿ, ಎಲ್ಲಿಂದಲೋ ಅದಕ್ಕೆ ಇಷ್ಟು ದುಡ್ಡು ಬಂದಿದೆ. ಭಾವ ಅಷ್ಟನ್ನೂ ಬಾಚ್ಕೊಂಡು ಊರು ಬಿಟ್ಟಿದ್ದಾನೆ. ಯಾವ ಪುಣ್ಯಾತ್ಮ ಹಾಕಿದ್ನೋ ಅಂತ ಅಕ್ಕ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ."

ಅವನು ಸ್ಟೂಲಿನ ಮೇಲೆ ಕೂತ. ಇರಲಾರದೆ ಇರುವೆ ಬಿಟ್ಟುಕೊಂಡ ಕತೆಯನ್ನು ತಲೆ ಬಗ್ಗಿಸಿ ಹೇಳಿ ಮುಗಿಸಿದ. ಹೆಂಡತಿ ಹಾಳೆಯನ್ನು ಗಾಜಿನ ಮೇಲಿಟ್ಟು ಮುಚ್ಚಳ ಮುಚ್ಚಿದಳು.

"ಒಂದು ಕಾಪಿ ತೆಗೀರಿ."

ಅವನು ತೆಗೆದ. ಬಾಯಿ ಅಭ್ಯಾಸಬಲದಿಂದ ತಾನೇ ಕೇಳಿಬಿಟ್ಟಿತು: "ಒರಿಜಿನಲ್ ತಗೊಂಡ್ರಾ?"

"ತಗೊಂಡೆ," ಎಂದು ಅವಳು ಮೂಲವನ್ನು ಮಡಚಿ ತನ್ನ ಪರ್ಸಿಗೆ ಹಾಕಿಕೊಂಡಳು. "ಕಾಪಿ ನಿಮ್ಮಕ್ಕನಿಗೆ ಕೊಡಿ."