ಬೀರಯ್ಯ ಗಿಣಿಯ ಹಲ್ಲು ನೋಡಿದ್ದು

ರಾಧಾಮಣಿ: ಗಿಣಿ ಅಂದ್ಬುಟ್ಟು ಇದೇನ್ರೀ ತಂದ್ ನಿಲ್ಸಿರೋದು? ಹುಟ್ಟಿದಾಗಿಂದ ಗಿಣಿ ನೋಡಿವ್ನಿ, ಒಂದೂ ನನ್ನ ಸೊಂಟದ ತಂಕ ಬಂದಿರ್ನಿಲ್ಲ!

ನಾನು: ಗಿಣಿನೇ ಕಣೇ. ಒಸಿ ದೊಡ್ಡ ಜಾತಿ.

ರಾಧಾಮಣಿ: ಒಸಿನಾ? ಅದರ ಬಾಲ ನಮ್ಮನೆ ಪೊರಕೆಗಿಂತ ಉದ್ದ ಐತೆ.

ನನ್ನ ಹೆಂಡತಿ ಪೊರಕೆಯನ್ನು ಸುಮ್ಮನೆ ಹೋಲಿಕೆಗೆ ತಂದವಳಲ್ಲ. ಅದು ಆಗ ಅವಳ ಕೈಯಲ್ಲೇ ಇತ್ತು. ವಿಷಯ ಇಷ್ಟೇ. ಬಿಡದಿಯ ಕಡೆ ತೋಪು ಹೋಗಿ ಫ್ಯಾಕ್ಟರಿಗಳು ಬಂದವು, ಫ್ಯಾಕ್ಟರಿಗಳ ಹಿಂದೆ ಪರದೇಶದ ಸಾಹೇಬರು ಬಂದರು. ಅವರಲ್ಲೊಬ್ಬರು ಊರಿಗೆ ಹೊರಟು, ಸಾಕಿದ್ದ ನೀಲಿ–ಹಳದಿ ಬಣ್ಣದ ಭಾರೀ ಗಿಣಿಯನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಡ್ರೈವರ್ ಖಲಂದರನಿಗೆ ಹೇಳಿದ್ದರು. ಅವನು ಅದನ್ನು ಪಂಜರಸಮೇತ ಗೂಡ್ಸ್ ಆಟೋದಲ್ಲಿ ತಂದು, ರಾಮನಗರದ ಅಂಚಿನಲ್ಲಿರುವ ನಮ್ಮ ಮನೆಯ ಜಗಲಿಗೆ ಇಳಿಸಿದ್ದ.

ಜೀವಮಾನದಲ್ಲಿ ಒಂದು ಕೋಳಿಮರಿಯನ್ನೂ ಸಾಕದ ನಾನು ಇದಕ್ಕೆ ಯಾಕೆ ಒಪ್ಪಿದೆ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ನಾನು ಹಾಸ್ಯಲೇಖನ ಬರೆಯುತ್ತೇನೆ. ಓದಲು ಕೂತರೆ ಮನೆಯವರೆಲ್ಲ ಎದ್ದುಹೋಗುತ್ತಾರೆ. ಪಂಜರದಲ್ಲಿರುವ ಜೀವ ಎದ್ದುಹೋಗಲಾರದು.

ರಾಧಾಮಣಿ: ಇದು ಏನ್ ತಿಂತದಪ್ಪಾ ಖಲಂದರ್? ಒಳಗೆ ರೇಷ್ಮೆ ಹುಳ ಇಕ್ಕಿವ್ನಿ, ಕಣ್ಣು ಹಾಕ್ಬುಟ್ರೆ?

ಖಲಂದರ್: ಹುಳ ಮುಟ್ಟಲ್ಲ ಅಕ್ಕ. ಬಾದಾಮಿ ತಿಂತದೆ.

ರಾಧಾಮಣಿ: ಬಾದಾಮಿಯಾ! ನಮ್ಮನೇಲಿ ಇವ್ರಿಗೇ ಕಡ್ಲೆಕಾಯಿ.

ನಾನು: ಕಡ್ಲೆಕಾಯಿ ಅಭ್ಯಾಸ ಮಾಡ್ಸಿದ್ರೆ ಆಯ್ತು. ನನಗೆ ಆಗ್ಲಿಲ್ವಾ?

ರಾಧಾಮಣಿ: ಅದೆಲ್ಲಾ ಬ್ಯಾಡ. ಕಲ್ಯ ಊರಿಂದ ಬೀರಣ್ಣನ್ನ ಕರೆಸಿವ್ನಿ. ಅವ್ನು ನೋಡಿ ಹ್ಞೂಂ ಅಂದ್ರೆ ಇರ್ಲಿ. ಉಹ್ಞೂಂ ಅಂದ್ರೆ ಬಂದ ಆಟೋದಲ್ಲೇ ವಾಪಸ್ಸು.

ನಾನು: ಬೀರಣ್ಣ ಎತ್ತಿನ ಸುಳಿ ನೋಡೋನು ಕಣೇ! ಹಕ್ಕಿ ವಿಷಯ ಅವನಿಗೇನು ಗೊತ್ತು?

ರಾಧಾಮಣಿ: ಮನೆಗೆ ತರೋ ಜೀವ ಎಲ್ಲಾ ಒಂದೇಯ. ನಿಮ್ಮನ್ನ ನೋಡೋಕೆ ಬಂದಾಗ್ಲೂ ನಮ್ಮಪ್ಪ ಅವ್ನನ್ನೇ ಅಲ್ವಾ ಕರ್ಕಂಡ್ ಬಂದಿದ್ದು?

ನಾನು: (ಗಾಬರಿಯಿಂದ) ಏನಂದಿದ್ದ?

ರಾಧಾಮಣಿ: ‘ಮೇವು ಕಮ್ಮಿ, ಹಾಯಕಿಲ್ಲ’ ಅಂದಿದ್ದ. ಗೇಯ್ತದಾ ಅಂತ ಕೇಳೋದ ನಮ್ಮಪ್ಪ ಮರೆತ್ಬುಟ್ಟ.

ಅಷ್ಟರಲ್ಲಿ ಬೀರಯ್ಯ ಬಂದ. ಸುತ್ತಲ ಹತ್ತೂರಿನಲ್ಲಿ ಇವನು ನೋಡದೆ ಎತ್ತು ಕೊಳ್ಳುವವರಿಲ್ಲ. ಹೆಗಲ ಟವಲ್ಲು ಕೊಡವಿ, ಪಂಜರವನ್ನು ಎಡಗಡೆಯಿಂದ ಒಂದು ಸುತ್ತು, ಬಲಗಡೆಯಿಂದ ಒಂದು ಸುತ್ತು ಬಂದ. ಗಿಣಿಯೂ ಕತ್ತು ತಿರುಗಿಸುತ್ತಾ ಅವನನ್ನು ಒಂದು ಸುತ್ತು ನೋಡಿತು.

ಬೀರಯ್ಯ: ಮೈಕಟ್ಟು ಪರವಾಗಿಲ್ಲ. ಬಣ್ಣ ಒಸಿ ಜಾಸ್ತಿಯಾಯ್ತು. ಜೋಡಿ ಎಲ್ಲಿ?

ಖಲಂದರ್: ಜೋಡಿ ಇಲ್ಲ ಅಜ್ಜ. ಒಂದೇ.

ಬೀರಯ್ಯ: ಒಂಟಿ ಮಾಲು ತಂದು ಏನ್ಲಾ ಮಾಡೋದು? ಹೋಗ್ಲಿ, ವಯಸ್ಸೆಷ್ಟು, ಎಷ್ಟು ಹಲ್ಲಾಗೈತೆ?

ನಾನು: ಬೀರಣ್ಣ, ಗಿಣಿಗೆ ಹಲ್ಲೇ ಇರಲ್ಲ.

ಬೀರಯ್ಯ: ಒಂದೂ ಇಲ್ವಾ? ಹಂಗಾರೆ ಎಲ್ಲಾ ಉದುರೋಗವೆ. ಅವ್ವಾ, ಮುದೀದು ತಂದು ತಲೆಗೆ ಕಟ್ಟವ್ರೆ!

ಖಲಂದರ್: ಮುದಿ ಅಲ್ಲ ಅಜ್ಜ! ಇದು ಅರವತ್ತು ವರ್ಷ ಬಾಳೋ ಜಾತಿ. ಇದಕ್ಕಿನ್ನೂ ಹರೇಯ.

ಬೀರಯ್ಯ: ಅರವತ್ತಾ? (ನನ್ನ ಕಡೆ ತಿರುಗಿ) ರೈಟ್ರೇ, ಒಸಿ ಬಾಯಿ ಬುಡಿ.

ಸೊಸೈಟಿಯಲ್ಲಿ ಲೆಕ್ಕ ಬರೆಯುವವನಾದ್ದರಿಂದ ಜನ ನನ್ನನ್ನು ರೈಟ್ರೇ ಎನ್ನುತ್ತಾರೆ. ಅದು ನನ್ನ ಲೇಖನಗಳಿಗೆ ಸಂದ ಗೌರವವೆಂದು ನಾನು ತಿಳಿದುಕೊಂಡಿದ್ದೇನೆ. ಆ ಹೆಮ್ಮೆಯಲ್ಲೇ ಬಾಯಿ ತೆರೆದೆ. ಬೀರಯ್ಯ ಹೆಬ್ಬೆರಳಿನಿಂದ ನನ್ನ ತುಟಿ ಎತ್ತಿ, ಬೆಳಕಿಗೆ ತಿರುಗಿಸಿ, ಒಸಡು ಒತ್ತಿ ನೋಡಿದ.

ಬೀರಯ್ಯ: ದವಡೇಲಿ ಕೆಲವು ಬಿದ್ದೋಗವೆ. ಮುಂದ್ಲುದೊಂದು ಅಲ್ಲಾಡ್ತಾ ಐತೆ. ಅವ್ವಾ, ಹಕ್ಕಿದೇನೂ ದೋಸ ಇಲ್ಲ. ಮಾಲೀಕನ್ದೇ ಅನುಮಾನ.

ರಾಧಾಮಣಿ: ಅನುಮಾನ ಏನ್ ಬಂತು ಬೀರಣ್ಣ? ಇವ್ರು ಹೋದ್ಮೇಲೆ ಇದನ್ನ ನೋಡ್ಕಳೋರ್ಯಾರು?

ನಾನು: ನಾನಿನ್ನೂ ಇಲ್ಲೇ ಇದೀನಿ ಕಣ್ರಪ್ಪಾ!

ಬೀರಯ್ಯ: ಹೊಸದಾಗಿ ಬೇಸಾಯಕ್ಕೆ ಬಿದ್ದೋನು ಪಳಗಿದ ಎತ್ತು ಕಟ್ಟಬೇಕು. ಅದೇ ಹೊಲ ತೋರಿಸ್ತದೆ, ಅದೇ ಮನೆಗೆ ಕರ್ಕಂಡ್ ಬತ್ತದೆ. ಹುರುಪಿನ ಹೋರಿ ಕಟ್ಟಿದ್ರೆ ಎಳ್ಕಂಡೋಗಿ ಕೆರೆಗೆ ಹಾಕ್ತದೆ. ಇದು ಪಳಗೈತಾ ಇಲ್ವಾ, ಬಾಲ ಮುರಿದ್ರೆ ಗೊತ್ತಾಯ್ತದೆ.

ಖಲಂದರ್: ಬ್ಯಾಡ ಅಜ್ಜಾ!

ಬೀರಯ್ಯ ಆಗಲೇ ಸರಳಿನೊಳಗೆ ಕೈ ಹಾಕಿ ಬಾಲ ತಿರುಚಿಯಾಗಿತ್ತು. ಗಿಣಿ ಬಾಯಿ ತೆರೆಯಿತು. ಅದು ಕೂಗು ಎನ್ನುವಂತಿರಲಿಲ್ಲ. ಸಾಹೇಬರ ಫ್ಯಾಕ್ಟರಿಯ ಸೈರನ್ನು ಕೇಳಿ ಕೇಳಿ ಅದಕ್ಕೆ ಇನ್ನಷ್ಟು ಸೇರಿಸಿಕೊಂಡಂತಿತ್ತು. ಎದುರು ಮನೆಯವರು ಪಾಳಿ ಮುಗಿಯಿತೆಂದು ಗಡಿಯಾರ ನೋಡಿದರು. ರಾಧಾಮಣಿ ಹುಳದ ಕೋಣೆಗೆ ಓಡಿ, ಹಾಗೇ ತಿರುಗಿ ಬಂದಳು.

ರಾಧಾಮಣಿ: ಅಯ್ಯೋ, ಸೊಪ್ಪು ತಿನ್ನೋದ ಬುಟ್ಟು ಎಲ್ಲಾ ತಲೆ ಎತ್ಕಂಡ್ ಕೂತವೆ! ಇನ್ನೆರಡು ದಿನ ಮೇಯ್ದಿದ್ರೆ ಗೂಡು ಕಟ್ತಿದ್ವು. ಖಲಂದರ್, ದಿನಾ ಹಿಂಗೇಯ?

ಖಲಂದರ್: ದಿನಾ ಇಲ್ಲಕ್ಕ... ಎಚ್ಚರ ಇದ್ದಾಗ ಮಾತ್ರ.

ರಾಧಾಮಣಿ: ಎತ್ತು ಪಂಜರ!

ನಾನು: ಲೇ, ಒಂದು ವಾರ ನೋಡೋಣ...

ರಾಧಾಮಣಿ: ಒಂದು ಗಳಿಗೆನೂ ಇಲ್ಲ. ನನ್ನ ಬೆಳೆ ಮುಖ್ಯನೋ, ನಿಮ್ಮ ಪುಕ್ಕದ ಸೈರನ್ನು ಮುಖ್ಯನೋ?

ಬೀರಯ್ಯ: (ಕಿವಿಯಿಂದ ಟವಲ್ಲು ತೆಗೆದು) ತಡೀರಿ ಅವ್ವಾ. ನೊಗಕ್ಕೆ ಕಟ್ಟಿ ನೋಡ್ದೆ ಮಾಲು ವಾಪಸ್ಸು ಕಳಿಸೋದು ಧರ್ಮ ಅಲ್ಲ. ರೈಟ್ರೇ, ಇದರ ಕೈಲಿ ಏನ್ ಕೆಲ್ಸ ಮಾಡಿಸ್ಬೇಕು ಅಂತಿದ್ರಿ?

ನಾನು: (ನೆಲ ನೋಡುತ್ತಾ) ಕೇಳೋ ಕೆಲಸ.

ಬೀರಯ್ಯ: ಏನ ಕೇಳೋದು?

ನಾನು: ನಾನು ಬರೆದದ್ದನ್ನ.

ರಾಧಾಮಣಿ ಮೊದಲ ಬಾರಿಗೆ ಗಿಣಿಯನ್ನು ಕನಿಕರದಿಂದ ನೋಡಿದಳು.

ಬೀರಯ್ಯ: ಹಂಗಾರೆ ಹೇರಿ. ಎಳೀತದಾ, ಮಲಗ್ತದಾ, ನೋಡೇಬುಡಾನ.

ನಾನು ಓಡಿಹೋಗಿ ‘ನಮ್ಮ ಮನೆಯ ಮಿಕ್ಸಿ’ ಎಂಬ ನನ್ನ ಅತ್ಯುತ್ತಮ ಲೇಖನ ತಂದು, ಆ ಅರಚಾಟದ ನಡುವೆಯೇ ಶುರುಮಾಡಿದೆ. ಮೊದಲ ವಾಕ್ಯಕ್ಕೆ ಗಿಣಿ ಕೂಗು ನಿಲ್ಲಿಸಿತು. ಎರಡನೆಯದಕ್ಕೆ ತಲೆ ಓರೆ ಮಾಡಿತು. ಇಷ್ಟು ವರ್ಷಕ್ಕೆ ಒಬ್ಬ ರಸಿಕ ಸಿಕ್ಕನಲ್ಲಾ ಎಂದು ಇನ್ನಷ್ಟು ಹುರುಪಿನಿಂದ ಓದಿದೆ. ಮೊದಲ ಪುಟ ಮುಗಿಯುವ ಹೊತ್ತಿಗೆ ಅದು ಒಂದು ಕಾಲು ಮಡಿಸಿ, ಕೊಕ್ಕನ್ನು ಬೆನ್ನಿನ ಪುಕ್ಕದೊಳಗೆ ಹೂತಿಟ್ಟು, ಉಬ್ಬಿಕೊಂಡು ನಿದ್ದೆ ಹೋಗಿತ್ತು. ಖಲಂದರ್ ಗೋಡೆಗುಂಟ ಮೆಲ್ಲಗೆ ಜಾರುತ್ತಿದ್ದ. ಗದ್ದ ಎದೆಗೆ ತಗುಲಿದ್ದೇ ಬೀರಯ್ಯ ಬೆಚ್ಚಿ ಎಚ್ಚೆತ್ತ.

ಬೀರಯ್ಯ: ಮಲಗ್ಬುಡ್ತು ಅವ್ವಾ. ಈ ಮಾಲು ಆಗಕಿಲ್ಲ. ವಾಪಸ್ಸು ಕಳ್ಸಿ.

ರಾಧಾಮಣಿ: ಶ್‌!

ಒಳಕೋಣೆಯಿಂದ ಸಣ್ಣಗೆ ತುಂತುರು ಹನಿಯುವಂಥ ಸದ್ದು ಕೇಳಿಬರುತ್ತಿತ್ತು. ಹುಳಗಳೆಲ್ಲ ಮತ್ತೆ ಸೊಪ್ಪು ಮೇಯತೊಡಗಿದ್ದವು. ರಾಧಾಮಣಿ ಪೊರಕೆಯನ್ನು ಸದ್ದಾಗದಂತೆ ಮೂಲೆಗೊರಗಿಸಿದಳು.

ರಾಧಾಮಣಿ: (ಪಿಸುಮಾತಿನಲ್ಲಿ) ಯಾಕ್ರೀ ನಿಲ್ಸಿಬುಟ್ರಿ? ಓದಿ.

ಮದುವೆಯಾದಾಗಿನಿಂದ ಅವಳ ಬಾಯಲ್ಲಿ ನಾನು ಕೇಳಿರದ ಮಾತು. ಬೇಗನೆ ಎರಡನೆಯ ಪುಟ ತಿರುವಿದೆ.

ನಾನು: ನೀನೂ ಕೂತ್ಕೊಳ್ಳೇ. ಮುಂದೆ ಚೆನ್ನಾಗಿದೆ.

ರಾಧಾಮಣಿ: ನಾನೂ ಮಲಗ್ಬುಟ್ರೆ ಹುಳಕ್ಕೆ ಸೊಪ್ಪು ಹಾಕೋರ್ಯಾರು? ಖಲಂದರ್, ಏಳಪ್ಪಾ, ಆಟೋ ಕಳ್ಸು. ಗಿಣಿ ಇಲ್ಲೇ ಇರ್ತದೆ.

ನಾನು: ಆದ್ರೆ... ಇದುವರೆಗೂ ಬರೆದಿರೋದೆಲ್ಲಾ ಸೇರಿಸಿದ್ರೂ ಬರೋ ಹಬ್ಬಕ್ಕೆ ಮುಗಿದುಹೋಗುತ್ತೆ.

ರಾಧಾಮಣಿ: ಅದು ಬಾಳೋದು ಅರವತ್ತು ವರ್ಷ ಕಣ್ರೀ! ಇನ್ನೂ ಇಲ್ಲೇ ನಿಂತಿದ್ದೀರಲ್ಲ? ಒಳಗೆ ಹೋಗಿ, ಬರೀರಿ. ಆ ಅಲ್ಲಾಡೋ ಹಲ್ಲು ಬೀಳೋದ್ರೊಳಗೆ ಒಸಿ ಸ್ಟಾಕ್ ಮಾಡಿಡಿ.