ಹೊಟ್ಟೆಗೆ ಹಾಕಿಕೊಂಡದ್ದು

ನಮ್ಮ ಭಾಷೆಯಲ್ಲಿ ಹೃದಯಕ್ಕಿಂತ ಹೊಟ್ಟೆಗೇ ಕೆಲಸ ಹೆಚ್ಚು ಎಂಬುದು ನನ್ನ ಬಹಳ ದಿನಗಳ ಅನುಮಾನ. ಎದುರು ಮನೆಯವರು ಕಾರು ತಂದರೆ ಉರಿಯುವುದು ಹೊಟ್ಟೆ. ಮಕ್ಕಳು ಒಳ್ಳೆಯ ಮಾತಾಡಿದರೆ ತಣ್ಣಗಾಗುವುದೂ ಅದೇ. ನಾವು ನೌಕರಿ ಮಾಡುವುದು ಹೊಟ್ಟೆಪಾಡಿಗೆ. ಗುಟ್ಟು ಹೇಳಿದವರು ಇಟ್ಟುಕೊಳ್ಳಲು ಹೇಳುವುದು ಹೊಟ್ಟೆಯಲ್ಲಿ. ಇಷ್ಟು ಸಾಲದೆಂಬಂತೆ, ಯಾರಾದರೂ ನಮಗೆ ಅನ್ಯಾಯ ಮಾಡಿದರೆ ಹಿರಿಯರು "ಹೋಗ್ಲಿ ಬಿಡಪಾ, ಹೊಟ್ಟ್ಯಾಗ ಹಾಕ್ಕೊ" ಅನ್ನುತ್ತಾರೆ. ನಾನು ಐವತ್ತನಾಲ್ಕು ವರ್ಷಗಳಿಂದ ಹಿರಿಯರು ಹೇಳಿದ್ದನ್ನು ಕೇಳುತ್ತ ಬಂದ ಮನುಷ್ಯ. ಹಾಕಿಕೊಂಡೆ. ಆದರೆ ಹಾಕಿಕೊಳ್ಳುವಾಗ ಒಂದು ಸಣ್ಣ ತಪ್ಪಾಯಿತು. ಆದ ಅನ್ಯಾಯವನ್ನು ಹಾಕಿಕೊಳ್ಳುವ ಬದಲು ಮಿರ್ಚಿ ಭಜಿ ಹಾಕಿಕೊಂಡೆ. ಈಗ ಆರು ಕಿಲೋ ಇಳಿಸಿದ ಮೇಲೆ ಈ ವಿಷಯವನ್ನು ನಾಲ್ಕು ಜನರ ಮುಂದೆ ಹೇಳುವ ಧೈರ್ಯ ಬಂದಿದೆ.

ನಾವು ಮೂಲತಃ ಕಲಬುರ್ಗಿ ಕಡೆಯವರು. ನಮ್ಮ ಅಜ್ಜ ಸರಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದು ನಾರಾಯಣಗೂಡದಲ್ಲಿ ಮನೆ ಹಿಡಿದವರು, ಆಮೇಲೆ ನಾವ್ಯಾರೂ ಆ ಓಣಿ ಬಿಟ್ಟು ಕದಲಲಿಲ್ಲ. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ತೆಲುಗು, ಆಟೋದವರ ಜೊತೆ ಜಗಳಕ್ಕೆ ಹಿಂದಿ. ನನ್ನ ನೌಕರಿ ಬಾಲಾನಗರದ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು ನೋಡುವುದು, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟುವುದು. ಕೂದಲೆಳೆಯಷ್ಟು ದಪ್ಪವಾದರೂ ಕೆಂಪು ಚೀಟಿಯೇ. ಇಪ್ಪತ್ತೆಂಟು ವರ್ಷ ಇದೇ ಕೆಲಸ ಮಾಡಿದವನು ಮನೆಗೆ ಬಂದು ಕನ್ನಡಿಯ ಮುಂದೆ ನಿಂತರೆ ಏನಾಗುತ್ತದೆ ಎಂದು ನೀವೇ ಊಹಿಸಿ.

ಎರಡೂವರೆ ವರ್ಷದ ಹಿಂದೆ ನಮ್ಮ ವಿಭಾಗದ ಇನ್‌ಚಾರ್ಜ್ ಆಗಿದ್ದವರು ನಿವೃತ್ತರಾದರು. ಆ ಜಾಗ ನನಗೇ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನಂತೂ ಎರಡು ಹೊಸ ಪ್ಯಾಂಟು ಹೊಲಿಸಿಬಿಟ್ಟಿದ್ದೆ. ಜಾಗ ಸಿಕ್ಕಿದ್ದು ಶ್ರೀನಿವಾಸನಿಗೆ. ಶ್ರೀನು ನನಗಿಂತ ಹದಿಮೂರು ವರ್ಷ ಚಿಕ್ಕವನು, ವಾರಂಗಲ್ಲಿನ ಹುಡುಗ, ಅವನಿಗೆ ಅಳತೆಯ ಉಪಕರಣ ಹಿಡಿಯುವುದನ್ನು ಕಲಿಸಿದವನೇ ನಾನು. ಹತ್ತು ವರ್ಷ ನಾವಿಬ್ಬರೂ ಒಂದೇ ಮೇಜಿಗೆ ಕೂತು ಡಬ್ಬಿ ಬಿಚ್ಚಿದವರು; ಅವನ ಗೋಂಗೂರ ಚಟ್ನಿ ನನಗೆ, ನನ್ನ ಶೇಂಗಾ ಚಟ್ನಿ ಅವನಿಗೆ. ಸುದ್ದಿ ಬಂದ ದಿನ ಅವನ ಕೈ ಕುಲುಕಿ "ಶುಭಾಕಾಂಕ್ಷಲು" ಎಂದೆ. ಮರುದಿನದಿಂದ ಡಬ್ಬಿಯನ್ನು ಸ್ಟೋರ್ಸ್ ಕೋಣೆಯಲ್ಲಿ ಒಬ್ಬನೇ ಕೂತು ಬಿಚ್ಚತೊಡಗಿದೆ. ಯಾರಾದರೂ ಕೇಳಿದರೆ "ಅಲ್ಲಿ ಫ್ಯಾನು ಚೆನ್ನಾಗಿದೆ" ಅನ್ನುತ್ತಿದ್ದೆ. ಆ ಕೋಣೆಯಲ್ಲಿ ಫ್ಯಾನೇ ಇರಲಿಲ್ಲ.

ಮನೆಯಲ್ಲಿ ನನ್ನ ಹೆಂಡತಿ ವಿಮಲಾ ಮೊದಲ ದಿನವೇ ಹೇಳಿದಳು, "ಆತು ಹೋಗ್ಲಿ ಬಿಡ್ರಿ. ಶ್ರೀನು ಏನ್ ಪರಕೀ ಅಲ್ಲ. ಹೊಟ್ಟ್ಯಾಗ ಹಾಕ್ಕೋರಿ." ನನ್ನ ಅಕ್ಕ ಫೋನಿನಲ್ಲಿ ಅದನ್ನೇ ಹೇಳಿದಳು. ಕಂಪನಿಯ ಬಸ್ಸು ಸಂಜೆ ನನ್ನನ್ನು ನಾರಾಯಣಗೂಡ ಚೌರಾಸ್ತಾದಲ್ಲಿ ಇಳಿಸುತ್ತದೆ. ಇಳಿದಲ್ಲೇ ಒಂದು ಭಜಿ ಬಂಡಿ. ಮೊದಲೂ ತಿನ್ನುತ್ತಿದ್ದೆ, ವಾರಕ್ಕೊಮ್ಮೆ, ಎರಡು. ಈಗ ದಿನಾ ನಾಲ್ಕು. ಶ್ರೀನು ಅವತ್ತು ನನ್ನ ವರದಿ ತಿದ್ದಿದ್ದರೆ ಐದು. ಸುತ್ತ ಕೋಚಿಂಗ್ ಸೆಂಟರಿನ ಮಕ್ಕಳು ನಿಂತು ಪರೀಕ್ಷೆಯ ಮಾತಾಡುತ್ತ ತಿನ್ನುತ್ತಿದ್ದರೆ, ನಾನು ಬಂಡಿಯ ಹಿಂದೆ, ಟ್ರಾನ್ಸ್‌ಫಾರ್ಮರಿನ ಪಕ್ಕ ನಿಂತು ಕಳ್ಳನಂತೆ ತಿನ್ನುತ್ತಿದ್ದೆ. ರುಚಿ ನೋಡಿದ ನೆನಪೇ ಇಲ್ಲ. ಮನೆಗೆ ಹೋಗಿ ಏನೂ ತಿನ್ನದವನಂತೆ ಮತ್ತೆ ಊಟ. ಹೊಸ ಪ್ಯಾಂಟುಗಳೆರಡೂ ಆರು ತಿಂಗಳಲ್ಲಿ ಅಳಿಯನ ಪಾಲಾದವು.

ಇದರ ಜೊತೆಗೆ ಇನ್ನೊಂದು ಚಾಳಿ ಅಂಟಿತು. ಶ್ರೀನು ಎದುರಿಗೆ ಬಂದರೆ ಹೊಟ್ಟೆ ಒಳಗೆ ಎಳೆದುಕೊಳ್ಳುವುದು. ನಾನು ಸೋತು ಊದಿಕೊಂಡಿದ್ದೇನೆ ಎಂದು ಅವನಿಗೆ ಗೊತ್ತಾಗಬಾರದಲ್ಲ! ಅವನ ಕೋಣೆಯ ಗಾಜಿನ ಬಾಗಿಲಿನಿಂದ ನನ್ನ ಮೇಜು ನೇರ ಕಾಣುತ್ತದೆ. ಹಾಗಾಗಿ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಹೊಟ್ಟೆ ಒಳಗೆ, ಉಸಿರು ಮೇಲೆ. ಆಮೇಲೆ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಲಿಫ್ಟಿನ ಕನ್ನಡಿಯ ಮುಂದೆ. ಕೊನೆಗೆ ಹಾಲಿನವನು ಬಂದರೂ ಎಳೆದುಕೊಂಡೇ ಬಾಗಿಲು ತೆಗೆಯುವಂತಾಯಿತು. ಜಗತ್ತಿನಲ್ಲಿ ಯಾರೂ ನನ್ನ ಹೊಟ್ಟೆ ನೋಡಲು ಕಾದು ಕೂತಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ತೂಕ ಇಳಿಸಲು ಪ್ರಯತ್ನ ಮಾಡಲಿಲ್ಲವೆಂದಲ್ಲ. ನಮ್ಮ ಹೈದರಾಬಾದಿನಲ್ಲಿ ಏನು ಕಲಿಯಬೇಕಾದರೂ ಅಮೀರ್‌ಪೇಟ್ ಇದೆ. ಅಲ್ಲಿ ಕಂಪ್ಯೂಟರಿನ ಯಾವ ವಿದ್ಯೆಯನ್ನಾದರೂ ನಲವತ್ತೈದು ದಿನಗಳಲ್ಲಿ ಕಲಿಸುತ್ತಾರೆ. ಅಂಥದೇ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ನಲವತ್ತೈದು ದಿನಗಳಲ್ಲಿ ಹೊಟ್ಟೆ ಕರಗಿಸುವ ಕ್ಲಾಸೂ ಇತ್ತು. ಸೇರಿದೆ. ಆಹಾರ ಹೇಳುವ ಹುಡುಗಿ ಮೊದಲ ದಿನ ದೊಡ್ಡ ರಹಸ್ಯವೆಂಬಂತೆ, "ಅಂಕಲ್, ಅನ್ನ ಬಿಟ್ಟು ಜೋಳದ ರೊಟ್ಟಿ ತಿನ್ನಿ" ಎಂದಳು. ತಲೆಮಾರುಗಳಿಂದ ಜೋಳದ ರೊಟ್ಟಿ ತಿಂದೇ ಈ ಹೊಟ್ಟೆ ಬಂದಿದೆ ತಾಯಿ ಎಂದು ಹೇಳಲು ಸಂಕೋಚವಾಯಿತು. ವ್ಯಾಯಾಮ ಮಾಡಿಸುವವನು ಐದೈದು ನಿಮಿಷಕ್ಕೊಮ್ಮೆ "ಪೇಟ್ ಅಂದರ್, ಅಂಕಲ್! ಪೇಟ್ ಅಂದರ್!" ಎಂದು ಕೂಗುತ್ತಿದ್ದ. ಹೊಟ್ಟೆ ಒಳಗೆಳೆಯುವುದರಲ್ಲಿ ಇಡೀ ಕ್ಲಾಸಿಗೆ ನಾನೇ ಮೊದಲಿಗ. ದಿನಾ ತೂಕ ನೋಡುತ್ತಿದ್ದರು. ಕಾಲು ಕಿಲೋ ಏರಿದ ದಿನ ನನಗೆ ನಾನೇ ಮನಸ್ಸಿನಲ್ಲಿ ಕೆಂಪು ಚೀಟಿ ಕಟ್ಟಿಕೊಂಡು, ಆ ದುಃಖಕ್ಕೆ ಬಂಡಿಯ ಹತ್ತಿರ ಇಳಿಯುತ್ತಿದ್ದೆ. ನಲವತ್ತೈದು ದಿನ ಮುಗಿದಾಗ ಎರಡು ಕಿಲೋ ಹೆಚ್ಚಾಗಿತ್ತು.

ಒಂದು ಬೆಳಗ್ಗೆ ಕಾರ್ಖಾನೆಯ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿತು. ಎದೆ ಬಿಗಿಯಿತು, ಅಂಗೈ ಬೆವರಿತು. ನನ್ನ ತಂದೆ ಹೋದದ್ದು ಹೀಗೇ, ಇದೇ ವಯಸ್ಸಿನಲ್ಲಿ. ಮೆಟ್ಟಿಲ ಮೇಲೆ ಕೂತು ನಿಜವಾಗಿ ಹೆದರಿಬಿಟ್ಟೆ. ಆ ಹೆದರಿಕೆಯ ಬಗ್ಗೆ ತಮಾಷೆ ಮಾಡಲು ಈಗಲೂ ನನಗೆ ಬರುವುದಿಲ್ಲ. ನಮ್ಮ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಹೃದಯ ಚೆನ್ನಾಗಿದೆ ಎಂದರು. ಆಮೇಲೆ ಒಂದು ಚೀಟಿ ಬರೆದು, ಇವರನ್ನೊಮ್ಮೆ ಕಾಣಿ ಎಂದರು. ಅದು ಮನಸ್ಸಿನ ಡಾಕ್ಟರದು.

"ನಾ ಒಲ್ಲೆ. ನಮ್ಮ ಮನಿತನದಾಗ ಇಲ್ಲೀತನ ಯಾರಿಗೂ ಹಂಗೇನೂ ಆಗಿಲ್ಲ" ಎಂದೆ ಮನೆಗೆ ಬಂದು.

"ನಿಮ್ಮ ಮನಿತನದಾಗ ಯಾರೂ ಡಾಕ್ಟರ್ ಹಂತೇಕ ಹೋಗಿಲ್ಲ. ಅದಕ್ಕ ಗೊತ್ತಾಗಿಲ್ಲ" ಎಂದಳು ವಿಮಲಾ. "ನಿಮ್ಮಪ್ಪಾರೂ ಹಿಂಗ ಎಲ್ಲಾ ನುಂಗಿ ನುಂಗಿನ ಹೋದ್ರು. ನಾ ನಾಳೆ ರಜಾ ಹಾಕೀನಿ. ಸುಮ್ನ ನಡೀರಿ."

ಡಾಕ್ಟರು ನನ್ನ ಮಗಳ ವಯಸ್ಸಿನ ತೆಲುಗು ಹೆಣ್ಣುಮಗಳು. ಒಳಗೆ ಹೋಗುವಾಗ ಅಭ್ಯಾಸದಂತೆ ಹೊಟ್ಟೆ ಎಳೆದುಕೊಂಡೇ ಹೋದೆ. ಆಕೆ ತೂಕ ಕೇಳಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಆರಾಮಾಗಿ ಉಸಿರಾಡಿ, ಒಳಗೆ ತೆಗೆದುಕೊಂಡಾಗ ಹೊಟ್ಟೆ ಹೊರಗೆ ಬರಲಿ ಅಂದಳು. ನಾನು ಪ್ರಯತ್ನಿಸಿದೆ. ಹೊಟ್ಟೆ ಬರಲೊಲ್ಲದು! ಎರಡು ವರ್ಷ ಹಿಡಿದ ಹೊಟ್ಟೆ, ಬಿಡು ಎಂದರೆ ಬಿಡುವುದು ಹೇಗೆಂದು ಮರೆತುಹೋಗಿತ್ತು. ಯಾವಾಗಿನಿಂದ ಹೀಗೆ ಎಂದು ಆಕೆ ಕೇಳಿದಳು. ಶ್ರೀನುವಿನ ಕಥೆಯೆಲ್ಲ ಹೇಳಿದೆ. ಕೊನೆಗೆ, ಅದನ್ನೆಲ್ಲ ನಾನು ಹೊಟ್ಟೆಗೆ ಹಾಕಿಕೊಂಡೆ ಎಂದು ದೊಡ್ಡತನದಿಂದ ಹೇಳಬೇಕೆನಿಸಿತು. ಕನ್ನಡದಲ್ಲಿ ಯೋಚಿಸಿ ತೆಲುಗಿನಲ್ಲಿ ಹೇಳಿದೆ: "ಅಂತಾ ಕಡುಪುಲೋ ಪೆಟ್ಟುಕುನ್ನಾನು, ಮೇಡಂ."

ಆಕೆ ಬರೆಯುವುದನ್ನು ನಿಲ್ಲಿಸಿದಳು. "ಕಡುಪುಲೋ ಪೆಟ್ಟುಕುನಿ ಚೂಸುಕುಂಟುನ್ನಾರಾ? ರೆಂಡೇಳ್ಲ ನುಂಚಿ?"

ಆಗ ನನಗೆ ನನ್ನ ತಪ್ಪು ತಿಳಿಯಿತು. ಹೊಟ್ಟೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದು ಎಂದರೆ ತೆಲುಗಿನವರಲ್ಲಿ ಕ್ಷಮಿಸುವುದಲ್ಲ, ಹೆತ್ತ ಕೂಸಿನಂತೆ ಮುದ್ದಿನಿಂದ ಸಾಕುವುದು. ಒಳ್ಳೆಯ ಅತ್ತೆ ಸೊಸೆಯನ್ನು ಹಾಗೆ ನೋಡಿಕೊಳ್ಳುತ್ತಾಳೆ. ಎರಡು ವರ್ಷದಿಂದ ಆ ಅವಮಾನವನ್ನು ಹಾಗೆ ಸಾಕುತ್ತಿದ್ದೀರಾ ಎಂದು ಆಕೆ ಕೇಳಿದ್ದಳು. ತಿದ್ದಬೇಕೆಂದು ಬಾಯಿ ತೆರೆದೆ. ತಿದ್ದಲು ಏನೂ ಇರಲಿಲ್ಲ. ಹೊತ್ತು ಹೊತ್ತಿಗೆ ತಿನ್ನಿಸಿ, ಯಾರ ಕಣ್ಣಿಗೂ ಬೀಳದಂತೆ ಒಳಗೆ ಎಳೆದಿಟ್ಟುಕೊಂಡು, ಅದನ್ನು ಸಾಕಿದ್ದೇ ಆಗಿತ್ತು. ಪಕ್ಕದಲ್ಲಿ ಕೂತಿದ್ದ ವಿಮಲಾ "ಖರೇನ ಐತಿ" ಎಂದಳು. ನನಗೆ ಅಳು ಬಂತು. ಅಪರಿಚಿತ ಹೆಣ್ಣುಮಗಳ ಮುಂದೆ, ಹಾಡುಹಗಲು, ಐವತ್ತನಾಲ್ಕು ವರ್ಷದ ಗಂಡಸು ಅತ್ತುಬಿಟ್ಟೆ. ಅಳುವಾಗ ಹೊಟ್ಟೆ ತಾನಾಗಿ ಸಡಿಲವಾಯಿತು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಪೂರ್ತಿ ಉಸಿರು ಒಳಗೆ ಹೋಯಿತು.

ಆಕೆ ಕೊಟ್ಟ ಔಷಧಿ ವಿಚಿತ್ರವಾಗಿತ್ತು. ಎರಡು ತಿಂಗಳು ತೂಕದ ಯಂತ್ರ ಹತ್ತಬೇಡಿ. ನಡೆಯಿರಿ, ಆದರೆ ಶಿಕ್ಷೆ ಎಂದು ನಡೆಯಬೇಡಿ. ಭಜಿ ತಿನ್ನಬೇಕೆನಿಸಿದರೆ ಮನೆಗೆ ತಂದು ತಟ್ಟೆಯಲ್ಲಿ ಹಾಕಿಕೊಂಡು, ಕೂತು, ಹೆಂಡತಿಯ ಎದುರಿಗೆ ತಿನ್ನಿ. ಈ ಕೊನೆಯದು ಬಹಳ ಕಠಿಣ ಪಥ್ಯ. ತಟ್ಟೆಯಲ್ಲಿ ನಾಲ್ಕು ಭಜಿ ನೋಡಿ ವಿಮಲಾ ಎರಡು ತಾನು ತೆಗೆದುಕೊಂಡಳು. ಉಳಿದ ಎರಡನ್ನು ನಿಧಾನವಾಗಿ ತಿಂದೆ. ಒಳಗೆ ಹುಣಸೆಹಣ್ಣು ಹಾಕುತ್ತಾರೆಂಬುದು ಅವತ್ತು ಗೊತ್ತಾಯಿತು. ತಿನ್ನುತ್ತ, "ನನಗ ಆ ಜಾಗಾ ಸಿಗಲಿಲ್ಲಂತ ಭಾಳ ಕೆಟ್ಟ ಅನಿಸೇತಿ" ಎಂದೆ. ಎರಡು ವರ್ಷದಲ್ಲಿ ಆ ಮಾತನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. "ನನಗೂ ಭಾಳ ಕೆಟ್ಟ ಅನಿಸೇತ್ರಿ" ಎಂದಳು ಅವಳು. ಹೊಟ್ಟೆಗೆ ಹಾಕಿಕೊಳ್ಳಿ ಎಂದು ಮಾತ್ರ ಮತ್ತೆ ಹೇಳಲಿಲ್ಲ. ಅಲ್ಲಿಂದ ಮುಂದೆ ನನಗೆ ದಿನಾ ಬಂಡಿಯ ನೆನಪಾಗುವುದು ಕಡಿಮೆಯಾಯಿತು. ಬೆಳಗ್ಗೆ ಓಣಿಯ ಪಾರ್ಕಿನಲ್ಲಿ ಹೊಟ್ಟೆಯನ್ನು ಮುಂದೆ ಬಿಟ್ಟು, ಅದರ ಹಿಂದೆ ನಾನು ಆರಾಮಾಗಿ ನಡೆಯತೊಡಗಿದೆ. ನೋಡಿದವರು ಯಾರೂ ಮೂರ್ಛೆ ಹೋಗಲಿಲ್ಲ.

ಹೋದ ತಿಂಗಳು ಕಾರ್ಖಾನೆಯಲ್ಲಿ ಸುರಕ್ಷತಾ ಸಪ್ತಾಹ. ಕೊನೆಯ ದಿನ ವಿಭಾಗದವರ ಗುಂಪು ಫೋಟೋ. ನಡುವೆ ಇನ್‌ಚಾರ್ಜ್ ನಿಲ್ಲಬೇಕು, ಪಕ್ಕದಲ್ಲಿ ಹಿರಿಯನೆಂದು ನಾನು. ಫೋಟೋದವನು ಕ್ಯಾಮೆರಾ ಎತ್ತಿದ ಕೂಡಲೆ ನನ್ನ ಪಕ್ಕದಲ್ಲಿ ಒಂದು ಪರಿಚಿತ ಸದ್ದು ಕೇಳಿತು. ಉಸಿರು ಮೇಲೆಳೆಯುವ ಸದ್ದು. ಆ ವಿದ್ಯೆಯಲ್ಲಿ ನುರಿತವನಾದ್ದರಿಂದ ತಿರುಗಿ ನೋಡಿದೆ. ಶ್ರೀನು ಹೊಟ್ಟೆ ಒಳಗೆಳೆದುಕೊಂಡು, ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ. ಎರಡು ವರ್ಷ ಅವನಿಂದ ನನ್ನ ಹೊಟ್ಟೆ ಮುಚ್ಚಿಡುವ ಗಡಿಬಿಡಿಯಲ್ಲಿ ಅವನ ಹೊಟ್ಟೆಯನ್ನು ನಾನು ನೋಡೇ ಇರಲಿಲ್ಲ! ಅದು ನನ್ನದಕ್ಕಿಂತ ಏನೂ ಕಡಿಮೆಯಿರಲಿಲ್ಲ.

"ಶ್ರೀನು, ವದಿಲೆಯ್ಯಿ," ಬಿಟ್ಟುಬಿಡು ಎಂದೆ ಮೆಲ್ಲಗೆ. "ನೇನು ಕೂಡಾ ವದಿಲೇಶಾನು." ನಾನೂ ಬಿಟ್ಟಿದ್ದೇನೆ.

ಏನನ್ನು ಎಂದು ಅವನು ಕೇಳಲಿಲ್ಲ. ಉಸಿರು ಬಿಟ್ಟ. ಫೋಟೋ ಮುಗಿದ ಮೇಲೆ ಅವನಾಗಿಯೇ ಹಿಂದೆ ಬಂದು, "ಸಾರ್, ನನ್ನ ಕೋಣೆಯಲ್ಲಿ ಒಬ್ಬನೇ ಕೂತು ಉಣ್ಣೋದು ನನಗೆ ಆಗ್ತಿಲ್ಲ. ನಿಮ್ಮ ಮುಂದೆ ಬರೋಕೆ ಮುಖ ಇಲ್ಲ ಅಂತ ಎರಡು ವರ್ಷ ಸುಮ್ಮನಿದ್ದೆ" ಎಂದು ತೆಲುಗಿನಲ್ಲಿ ಹೇಳಿದ. ಅವನ ಕೋಣೆಗೂ ಸ್ಟೋರ್ಸಿಗೂ ಹತ್ತು ಹೆಜ್ಜೆ. ಆ ಕಡೆ ಒಬ್ಬ, ಈ ಕಡೆ ಒಬ್ಬ, ಇಬ್ಬರೂ ಒಂಟಿಯಾಗಿ ತಿಂದು ದಪ್ಪಗಾಗಿದ್ದೆವು. ಆ ಮಧ್ಯಾಹ್ನ ಹಳೆಯ ಮೇಜಿಗೆ ಕೂತೆವು. ಗೋಂಗೂರ ಚಟ್ನಿಗೆ ಉಪ್ಪು ಹೆಚ್ಚಾಗಿತ್ತು. ಆದರೂ ಇನ್ನೊಂದು ಸಲ ಹಾಕಿಸಿಕೊಂಡೆ.

ಫೋಟೋ ಮನೆಗೆ ತಂದೆ. ವಿಮಲಾ ಕನ್ನಡಕ ಹಾಕಿಕೊಂಡು ನೋಡಿ, "ಇದೇನ್ರಿ, ಇಬ್ರೂ ಇಷ್ಟ ಧಾರಾಳಾಗಿ ಹೊಟ್ಟಿ ಬಿಟ್ಟು ನಿಂತೀರಿ!" ಎಂದು ನಕ್ಕಳು. ಅದನ್ನು ಟಿವಿಯ ಪಕ್ಕದಲ್ಲಿಟ್ಟಿದ್ದೇನೆ. ನೋಡಿದಾಗಲೆಲ್ಲ, ಕೊನೆಗೂ ನಾನು ನನ್ನ ಹೊಟ್ಟೆಯನ್ನೇ ಹೊಟ್ಟೆಗೆ ಹಾಕಿಕೊಂಡೆ ಎಂದು ಸಮಾಧಾನವಾಗುತ್ತದೆ. ಇನ್ನು ನನ್ನಲ್ಲಿ ಮುಚ್ಚಿಡುವಂಥದು ಏನೂ ಉಳಿದಿಲ್ಲ ಎಂದು ಈ ಬರಹವನ್ನು ಮುಗಿಸುವವನಿದ್ದೆ. ಅಷ್ಟರಲ್ಲಿ ವಿಮಲಾ ಬೆನ್ನ ಹಿಂದೆ ನಿಂತು ಮೊದಲಿನಿಂದ ಓದಿ, "ಆರು ಕಿಲೋ ಅಂತ ಯಾಕ ಬರದೀರಿ? ಇಳದದ್ದು ನಾಕ ಅಲ್ಲೇನ್ರಿ?" ಎಂದಳು. ಹೌದು, ನಾಲ್ಕು. ಉಳಿದ ಎರಡು ಕಿಲೋವನ್ನು ದಯವಿಟ್ಟು ನೀವು ಹೊಟ್ಟೆಗೆ ಹಾಕಿಕೊಳ್ಳಬೇಕು.